ಗಾಳಿಯ ಮಾಲಿನ್ಯ ಅಳೆಯಲು ಬಂದು ಎಂಟು ಗಂಟೆ ನಿಂತು ಹೋದ ಸಂಚಾರಿ ಪ್ರಯೋಗಾಲಯದ ವರದಿಯನ್ನು ಎಷ್ಟು ನಂಬಬಹುದು?

ಕಾಳಿತೀರ, ಕಾರವಾರ (ಪ್ರಶ್ನೆ)

ನಮ್ಮ ಮನೆ ಬಂದರಿನ ಪಕ್ಕದ ಬೈತಖೋಲದ ಕಡೆ, ಕಡಲಿಗೂ ರಾಷ್ಟ್ರೀಯ ಹೆದ್ದಾರಿ 66ಕ್ಕೂ ನಡುವೆ, ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿದೆ. ಅದಿರು ಸಾಗಣೆಯ ದಿನಗಳಲ್ಲಿ ಅಂಗಳದಲ್ಲಿ ಒಣಹಾಕಿದ ಮೀನು ಸಂಜೆಯ ಹೊತ್ತಿಗೆ ಕೆಂಪಾಗುತ್ತಿದ್ದುದನ್ನು ಕಂಡವರು ನಾವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಆ ಧೂಳು ನಿಂತಿತು. ಈಗಿನ ತೊಂದರೆ ಬೇರೆ ಬಗೆಯದು. ಹಗಲು ಅಷ್ಟಾಗಿ ಏನೂ ಅನ್ನಿಸುವುದಿಲ್ಲ, ರಾತ್ರಿ ಹತ್ತರ ನಂತರ ಲಾರಿಗಳ ಹೊಗೆ ಕಿಟಕಿಯಿಂದ ಒಳಬರುತ್ತದೆ.

ಕಳೆದ ಚಳಿಗಾಲದಲ್ಲಿ ಸಂಚಾರಿ ಪ್ರಯೋಗಾಲಯದ ವ್ಯಾನೊಂದು ಬಂದು, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಕಡಲದಂಡೆಯ ಬಯಲಿನಲ್ಲಿ ನಿಂತು ಹೋಯಿತು. ಆಮೇಲೆ ಕೈಗೆ ಸಿಕ್ಕಿದ್ದು, ಎಲ್ಲವೂ ಮಿತಿಯೊಳಗಿದೆ ಎನ್ನುವ ಒಂದೇ ಹಾಳೆ. ಸಂಚಾರಿ ಎಂದು ಹೆಸರಿಟ್ಟುಕೊಂಡ ವಾಹನ ಸಂಚರಿಸದೆ ನಿಂತೇ ಇದ್ದುದೇಕೆ? ಎಂಟು ಗಂಟೆಗಳ ಅಳತೆ ಸಾಕಾಗುತ್ತದೆಯೇ? ಮುಂದಿನ ಸಲ ನಾವು ಏನನ್ನು ಕೇಳಬೇಕು?

ಮಾಪಕ, ಅಂಕೋಲಾ

ಇಂಥ ವ್ಯಾನಿನಲ್ಲಿ ಕೆಲವು ವರ್ಷ ದುಡಿದ ಅನುಭವದಿಂದ ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಬಿಸಿಲು ಏರಿದ ಮೇಲೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ನೆಲ ತಣ್ಣಗಾದ ಮೇಲೆ ನೆಲದಿಂದ ಕಡಲಿಗೆ ತಿರುಗುತ್ತದೆ. ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಗಲಿನಲ್ಲಿ ಕಡಲದಂಡೆಯ ಮೇಲೆ ನಿಂತ ವ್ಯಾನು ಬಹುಮಟ್ಟಿಗೆ ಅರಬ್ಬೀ ಸಮುದ್ರದ ಗಾಳಿಯನ್ನೇ ಅಳೆದಿರುತ್ತದೆ. ಹೆದ್ದಾರಿಯ ಹೊಗೆ ಆಗ ಪೂರ್ವದ ಗುಡ್ಡದ ಕಡೆ ಸಾಗುತ್ತಿರುತ್ತದೆ. ಅದು ನಿಮ್ಮ ಮನೆಯತ್ತ ಬರುವ ಹೊತ್ತಿಗೆ ವ್ಯಾನು ಊರು ಬಿಟ್ಟಿತ್ತು.

ಇನ್ನು ಮಿತಿಯ ಮಾತು. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರಾನ್‌ವರೆಗಿನ ಗಾತ್ರದ ಧೂಳುಕಣಗಳಿಗೆ, ಘನ ಮೀಟರಿಗೆ 60 ಮೈಕ್ರೋಗ್ರಾಂ, 10 ಮೈಕ್ರಾನ್‌ವರೆಗಿನ ಪಿಎಂ 10ಕ್ಕೆ 100 ಎಂದಿರುವುದು 24 ಗಂಟೆಗಳ ಸರಾಸರಿಗೆ. ವಾರ್ಷಿಕ ಸರಾಸರಿ ಬೇಕಾದರೆ ವಾರಕ್ಕೆ ಎರಡರಂತೆ ವರ್ಷಕ್ಕೆ ಕನಿಷ್ಠ 104 ಅಳತೆಗಳಾಗಬೇಕು. ಎಂಟು ಗಂಟೆಯ ಮಿತಿ ಇರುವುದು ಓಝೋನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಇವೆರಡಕ್ಕೆ ಮಾತ್ರ. ಉಳಿದವುಗಳ ಎಂಟು ಗಂಟೆಯ ಅಂಕಿಯನ್ನು 24 ಗಂಟೆಯ ಮಿತಿಯ ಪಕ್ಕದಲ್ಲಿಟ್ಟು ಒಳಗಿದೆ ಎಂದು ಬರೆಯುವುದು, ಸೇರಿನಲ್ಲಿ ಅಳೆದದ್ದನ್ನು ಕೊಳಗದ ಲೆಕ್ಕದಲ್ಲಿ ಬರೆದಂತೆ.

ವ್ಯಾನು ನಿಂತಿದ್ದುದಕ್ಕೆ ಮಾತ್ರ ಸಕಾರಣವಿದೆ. ಕಣಗಳನ್ನು ಅಳೆಯುವ ಬೀಟಾ ಉಪಕರಣ ಗಾಳಿಯನ್ನು ಎಳೆದು ಕಾಗದದ ಪಟ್ಟಿಯ ಮೇಲೆ ಧೂಳು ಕೂರಿಸಿಕೊಂಡು, ಅದರ ಮೂಲಕ ಹಾಯುವ ಬೀಟಾ ಕಿರಣ ಎಷ್ಟು ಕುಗ್ಗಿತು ಎಂದು ನೋಡುತ್ತದೆ. ಒಂದು ನೆಚ್ಚಬಹುದಾದ ಅಂಕಿ ಸಿಗಲು ಸಾಮಾನ್ಯವಾಗಿ ಒಂದು ಗಂಟೆ ಬೇಕು. ಗಂಧಕದ ಡೈಆಕ್ಸೈಡನ್ನು ನೇರಳಾತೀತ ಬೆಳಕಿನಿಂದ ಅಳೆಯುವ ಯಂತ್ರವೂ ಸೆಕೆಂಡಿನಲ್ಲಿ ಉತ್ತರಿಸುವಂಥದ್ದಲ್ಲ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಯಂತ್ರ ಒಂದು ನಿಮಿಷ ತಡಮಾಡಿದರೆ ಬಂದರಿನ ಹೊಗೆ 600 ಮೀಟರ್ ಆಚೆಯ ಬೀದಿಯ ಲೆಕ್ಕಕ್ಕೆ ಬೀಳುತ್ತದೆ.

ಅಡಿಕೆ ಅಂಗಳ, ಶಿರಸಿ

ಇಷ್ಟೆಲ್ಲ ತಾಪತ್ರಯದ ಬದಲು, ಕೆಲವು ಸಾವಿರ ರೂಪಾಯಿಗೆ ಸಿಗುವ ಚಿಕ್ಕ ಸೆನ್ಸರನ್ನು ಮನೆಯ ಮಾಡಿಗೆ ತೂಗುಹಾಕಿದರೆ ಆಗದೇ? ನಾನು ಇಲ್ಲಿ ಹಾಕಿಕೊಂಡಿದ್ದೇನೆ. ಡಿಸೆಂಬರಿನಲ್ಲಿ ಬಚ್ಚಲೊಲೆಗಳೂ ಅಡಿಕೆ ಬೇಯಿಸುವ ಒಲೆಗಳೂ ಒಟ್ಟಿಗೆ ಉರಿಯುವ ಹೊತ್ತಿನಲ್ಲಿ ಹೊಗೆ ತೋಟದ ಕಣಿವೆಯಲ್ಲೇ ಮಲಗಿರುವುದು ಕಣ್ಣಿಗೂ ಕಾಣುತ್ತದೆ, ಸೆನ್ಸರಿನಲ್ಲೂ ಕಾಣುತ್ತದೆ. ಬಿಸಿಲೇರಿದ ಮೇಲೆ ಬರುವ ಯಾವ ವ್ಯಾನಿಗೂ ಅದು ಸಿಕ್ಕುವುದಿಲ್ಲ.

ಮಾಪಕ, ಅಂಕೋಲಾ

ಹೊಗೆಯ ಏರಿಳಿತ ತಿಳಿಯಲು ಆದೀತು, ಆದರೆ ಕಾರವಾರದಲ್ಲಿ ಅದರ ಅಂಕಿಯನ್ನು ಹಾಗೆಯೇ ನಂಬಬೇಡಿ. ಆ ಸೆನ್ಸರು ಕಣವನ್ನು ತೂಗುವುದಿಲ್ಲ, ಕಣದಿಂದ ಚದುರುವ ಬೆಳಕನ್ನು ನೋಡುತ್ತದೆ. ತೇವಾಂಶ ಸುಮಾರು ಶೇಕಡ 75 ದಾಟಿದರೆ ಗಾಳಿಯಲ್ಲಿರುವ ಕಡಲುಪ್ಪಿನ ಕಣ ನೀರು ಹೀರಿ ಉಬ್ಬುತ್ತದೆ, ನೀರೂ ಮಾಲಿನ್ಯವಾಗಿ ಎಣಿಕೆಯಾಗುತ್ತದೆ. ವ್ಯಾನಿನ ಉಪಕರಣಗಳಲ್ಲಿ ಇದಕ್ಕಾಗಿಯೇ ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡುವ ಕೊಳವೆ ಇರುತ್ತದೆ. ಶಿರಸಿಯ ಬೆಳಗಿನ ಮಂಜಿನಲ್ಲಿ ನಿಮ್ಮ ಸೆನ್ಸರೂ ಹೊಗೆಯ ಜೊತೆಗೆ ಸ್ವಲ್ಪ ಮಂಜನ್ನೂ ಎಣಿಸುತ್ತಿರಬಹುದು.

ದಾರಿಹೋಕ, ಯಲ್ಲಾಪುರ

ಚಲಿಸುತ್ತಲೇ ಅಳೆಯುವುದು ಆಗದ ಕೆಲಸ ಎಂಬ ಅರ್ಥ ಮಾಪಕರ ಮಾತಿನಿಂದ ಬರಬಾರದು. ಅದಕ್ಕೆ ಬೇರೆ ಯಂತ್ರಗಳಿವೆ: ಕಪ್ಪು ಇಂಗಾಲವನ್ನೂ (ಹೊಗೆಯ ಮಸಿ) ಅತಿಸೂಕ್ಷ್ಮ ಕಣಗಳನ್ನೂ ಸೆಕೆಂಡು ಸೆಕೆಂಡಿಗೆ ಲೆಕ್ಕ ಹಾಕುವಂಥವು. ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಬೀದಿಗಳ ಚಿತ್ರ ತೆಗೆಯುವ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳಿಗೆ ಇಂಥ ಉಪಕರಣ ಅಳವಡಿಸಿ, ಅವೇ ಬೀದಿಗಳಲ್ಲಿ ಮತ್ತೆ ಮತ್ತೆ ಓಡಿಸಿ ಪಡೆದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದೇ ಮನೆಸಾಲಿನ ಉದ್ದಕ್ಕೂ ಮಾಲಿನ್ಯ 5ರಿಂದ 8 ಪಟ್ಟು ವ್ಯತ್ಯಾಸವಾಗುವುದು ಕಂಡಿತು. ಬೆಂಗಳೂರಿನಲ್ಲೂ ಇದೇ ವಿಧಾನದಿಂದ ಬೀದಿಗಳನ್ನು ಅಳೆದಿದ್ದಾರೆ. ಒಮ್ಮೆ ಓಡಿಸಿದರೆ ಏನೂ ತಿಳಿಯದು, ಮುಂದೆ ಹೋಗುವ ಒಂದು ಹಳೆಯ ಲಾರಿ ಇಡೀ ದಾಖಲೆಯನ್ನು ಕೆಡಿಸುತ್ತದೆ. ಅರಬೈಲು ಘಟ್ಟ ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಬೇರೆ ದಿನಗಳಲ್ಲಿ ಹತ್ತಿಪ್ಪತ್ತು ಸಲ ಓಡಿಸಿದಾಗ ಯಾವ ತಿರುವು, ಯಾವ ಚಿಮಣಿಯಿಂದ ಗಾಳಿ ಸಾಗುವ ಬದಿ ಕೆಟ್ಟಿದೆ ಎಂಬುದು ಖಚಿತವಾಗುತ್ತದೆ. ಆ ಜಾಗಗಳಲ್ಲಿ ಆಮೇಲೆ ವ್ಯಾನು ನಿಲ್ಲಿಸಲಿ. ರಸ್ತೆಯ ನಡುವಿನ ಅಂಕಿಯನ್ನು ಮನೆಯೊಳಗಿನದೆಂದು ಓದದಿದ್ದರಾಯಿತು.

ಕಾಳಿತೀರ, ಕಾರವಾರ

ಹಾಗಾದರೆ ಹೆದ್ದಾರಿಗೂ ನಮ್ಮ ಮನೆಗಳಿಗೂ ನಡುವೆ, ರಾತ್ರಿಯನ್ನೂ ಸೇರಿಸಿ, ಕನಿಷ್ಠ ಕೆಲವು ಪೂರ್ಣ ದಿನ ವ್ಯಾನು ನಿಲ್ಲಲಿ ಎಂದು ಮನವಿ ಬರೆಯುತ್ತೇವೆ. ಇನ್ನೇನಾದರೂ ಸೇರಿಸಬೇಕೇ?

ಮಾಪಕ, ಅಂಕೋಲಾ

ಮೂರು ಸೇರಿಸಿ. ಸರಾಸರಿಯ ಹಾಳೆ ಸಾಲದು, ಗಂಟೆಗಂಟೆಯ ಅಂಕಿಯನ್ನು ಗಾಳಿಯ ದಿಕ್ಕು, ವೇಗಗಳೊಂದಿಗೆ ಕೊಡಲಿ. ಅಳತೆಗೆ ಮೊದಲೂ ನಂತರವೂ ಶುದ್ಧ ಗಾಳಿ ಮತ್ತು ಪ್ರಮಾಣ ಮೊದಲೇ ಗೊತ್ತಿರುವ ಅನಿಲ ಹಾಯಿಸಿ ಯಂತ್ರವನ್ನು ಪರೀಕ್ಷಿಸಿದ ದಾಖಲೆ ತೋರಿಸಲಿ. ವಿದ್ಯುತ್ತನ್ನು ಹತ್ತಿರದ ಯಾರದಾದರೂ ಮನೆಯಿಂದ ಪಡೆಯಲಿ, ಡೀಸೆಲ್ ಜನರೇಟರ್ ಬೇಡ. ಒಮ್ಮೆ ಇಡೀ ರಾತ್ರಿ ನಾವು ನಮ್ಮದೇ ಜನರೇಟರಿನ ಹೊಗೆಯನ್ನು ಅಳೆದು, ಬೆಳಿಗ್ಗೆ ಗಾಳಿಯ ದಿಕ್ಕು ನೋಡಿದ ಮೇಲೆ ಆ ದಾಖಲೆಯನ್ನೆಲ್ಲ ಹೊಡೆದುಹಾಕಬೇಕಾಯಿತು.