ಮೂರು ಸಲ ರಿಪೇರಿ ಆದ್ರೂ ಗೇರ್‌ಬಾಕ್ಸ್ ನಡುಕ ಹೋಗಿಲ್ಲ: ಡೀಲರ್ ಹತ್ರ ದುಡ್ಡು ವಾಪಸ್ ಕೇಳೋದು ಹೇಗೆ?

ಎರಡನೇ_ಗೇರು

ಹೊಸ ಪೆಟ್ರೋಲ್ ಕಾರು, ಡ್ರೈ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ (ಎಣ್ಣೆಯಲ್ಲಿ ಮುಳುಗಿರದ ಎರಡು ಕ್ಲಚ್ ಇರೋ ಗೇರ್‌ಬಾಕ್ಸ್). ತಗೊಂಡು ಐದು ತಿಂಗಳಾಯ್ತು, 6,200 ಕಿ.ಮೀ. ಓಡಿದೆ. ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತು ನಿಂತು ಸಾಗಿದ ಮೇಲೆ ಒಂದರಿಂದ ಎರಡನೇ ಗೇರಿಗೆ ಬೀಳುವಾಗ ಇಡೀ ಗಾಡಿ ನಡುಗುತ್ತೆ. ಎರಡು ಸಲ ಗೇರ್‌ಬಾಕ್ಸ್ ಎಚ್ಚರಿಕೆ ಬಂದು, ಗೇರೇ ಹಿಡಿಯದೆ ನಡುರಸ್ತೆಯಲ್ಲಿ ನಿಂತಿದೆ. ಡೀಲರ್ ಸರ್ವಿಸ್‌ಗೆ ಮೂರು ಸಲ ಬಿಟ್ಟಾಯ್ತು. ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್, ಎರಡನೇ ಸಲ "ತೊಂದರೆ ಕಂಡುಬಂದಿಲ್ಲ", ಮೂರನೇ ಸಲ ಕ್ಲಚ್ ಪ್ಯಾಕ್ ಬದಲಾವಣೆ. ಆಮೇಲೆ ನಾನೂರು ಕಿ.ಮೀ. ಚೆನ್ನಾಗಿತ್ತು, ಈಗ ಮತ್ತೆ ಅದೇ ನಡುಕ.

ಈ ಕಾರು ಬೇಡ, ದುಡ್ಡು ವಾಪಸ್ ಬೇಕು. ಡೀಲರ್ "ಕಂಪನಿಯನ್ನ ಕೇಳಿ" ಅಂತಾರೆ, ಕಂಪನಿಯವರು "ಡೀಲರ್‌ನ ಕೇಳಿ" ಅಂತಾರೆ. ಸಾಲದಲ್ಲಿ ತಗೊಂಡಿದ್ದು. ಎಲ್ಲಿಂದ ಶುರು ಮಾಡಬೇಕು? ಓಡಿಸೋದು ನಿಲ್ಲಿಸಬೇಕಾ? ಕಂತು ಕಟ್ಟೋದು ನಿಲ್ಲಿಸಬಹುದಾ?

ಸರ್ವಿಸ್_ಕೌಂಟರ್

ಕಂತು ಮಾತ್ರ ನಿಲ್ಲಿಸಬೇಡಿ. ಸಾಲ ಕೊಟ್ಟವರಿಗೂ ಡೀಲರ್ ಜೊತೆಗಿನ ನಿಮ್ಮ ತಕರಾರಿಗೂ ಸಂಬಂಧ ಇಲ್ಲ ಅಂತ ಸಾಲದ ಕರಾರಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತೆ. ಕಂತು ತಪ್ಪಿದರೆ ಅವರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಕಾರು ಹೋಯ್ತು ಅಂದ್ರೆ ಪುರಾವೆಯೂ ಹೋದ ಹಾಗೆ.

ಮೊದಲು ಮೂರೂ ಜಾಬ್ ಕಾರ್ಡ್ (ಗಾಡಿ ಬಿಡುವಾಗ ದೂರು, ಕೆಲಸ ಬರೆದು ಕೊಡೋ ಸರ್ವಿಸ್ ಚೀಟಿ) ಎದುರಿಗೆ ಇಟ್ಟುಕೊಂಡು ಓದಿ. ನಿಮ್ಮ ದೂರು ಅಂತ ಏನು ಬರೆದಿದ್ದಾರೆ ನೋಡಿ. ಮೊದಲನೆಯದರಲ್ಲಿ "ಜನರಲ್ ಚೆಕಪ್", ಎರಡನೆಯದರಲ್ಲಿ "ಪಿಕಪ್ ಕಮ್ಮಿ", ಮೂರನೆಯದರಲ್ಲಿ "ಗೇರ್ ಶಬ್ದ" ಅಂತ ಇದ್ದರೆ, ದಾಖಲೆ ಪ್ರಕಾರ ನಿಮ್ಮದು ಮೂರು ಬೇರೆ ಬೇರೆ ಸಣ್ಣ ತೊಂದರೆ. ಒಂದೇ ದೋಷ ಮೂರು ಸಲ ರಿಪೇರಿ ಆಗಿಯೂ ಹೋಗಿಲ್ಲ ಅನ್ನೋದು ಕಾಗದದ ಮೇಲೆ ಕಾಣೋದೇ ಇಲ್ಲ. ದುಡ್ಡು ವಾಪಸ್ ಕೇಳೋ ಕೇಸುಗಳು ಹೆಚ್ಚಾಗಿ ಇಲ್ಲೇ ಬೀಳ್ತವೆ.

ಹಾಗಿದ್ದರೆ ನಾಲ್ಕನೇ ಸಲ ಬಿಡುವಾಗ ಸರಿಪಡಿಸಿಕೊಳ್ಳಿ. ಸರ್ವಿಸ್ ಅಡ್ವೈಸರ್ ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ಈ ಥರ ಬರೆಸಿ: "ಬಿಸಿಯಾದ ಮೇಲೆ ಗಂಟೆಗೆ 10–20 ಕಿ.ಮೀ. ವೇಗದಲ್ಲಿ 1ರಿಂದ 2ನೇ ಗೇರಿಗೆ ಹೋಗುವಾಗ ನಡುಕ. ಇದೇ ದೂರಿಗೆ ಇಂಥ ಇಂಥ ದಿನಾಂಕಗಳಲ್ಲಿ ಮೂರು ಸಲ ಬಂದಿದೆ." ಅವರ ಸಿಸ್ಟಮ್‌ನಲ್ಲಿ ಉದ್ದದ ವಾಕ್ಯ ಹಿಡಿಸಲ್ಲ ಅಂದರೆ ಪ್ರಿಂಟ್ ತೆಗೆದ ಮೇಲೆ ಪೆನ್ನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕಾರು ಒಳಗೆ ಹೋದ ದಿನ, ಹೊರಗೆ ಬಂದ ದಿನ, ಎರಡೂ ಸಲದ ಓಡೋಮೀಟರ್ ರೀಡಿಂಗ್ ಕಾರ್ಡಿನಲ್ಲಿ ಇರಲೇಬೇಕು. ಕಾರು ವರ್ಕ್‌ಶಾಪಿನಲ್ಲಿ ಒಟ್ಟು ಎಷ್ಟು ದಿನ ನಿಂತಿತ್ತು ಅನ್ನೋ ಲೆಕ್ಕವೂ ಮುಂದೆ ಬೇಕಾಗುತ್ತೆ.

ಕಾರನ್ನ ಬಿಟ್ಟು ಬರೋ ಮುಂಚೆ ಅವರ ಟೆಕ್ನೀಷಿಯನ್‌ನ ಕೂರಿಸಿಕೊಂಡು ನಡುಕ ಬರೋ ತನಕ ಓಡಿಸಿ. ತಣ್ಣಗಿರೋ ಗಾಡಿಯನ್ನ ಖಾಲಿ ರಸ್ತೇಲಿ ಎರಡು ಕಿ.ಮೀ. ಓಡಿಸಿ "ತೊಂದರೆ ಕಂಡುಬಂದಿಲ್ಲ" ಅಂತ ಬರೆಯೋದು ಸುಲಭ. ನಡುಕ ಬಂದ ಕೂಡಲೇ ಓಡೋಮೀಟರ್ ಎಷ್ಟಿತ್ತು ಅಂತ ಅವರ ಕೈಯಲ್ಲೇ ಕಾರ್ಡಿಗೆ ಬರೆಸಿ.

ವಾಪಸ್ ತಗೊಳ್ಳುವಾಗ "ಕೆಲಸ ತೃಪ್ತಿಕರ" ಅನ್ನೋ ಕಡೆ ಸುಮ್ಮನೆ ಸಹಿ ಹಾಕಬೇಡಿ. "ತೊಂದರೆ ಹೋಗಿದೆಯೇ ಎಂಬುದು ಓಡಿಸಿ ನೋಡಿದ ಮೇಲಷ್ಟೇ ತಿಳಿಯುತ್ತದೆ, ನನ್ನ ಹಕ್ಕುಗಳನ್ನು ಉಳಿಸಿಕೊಂಡು ಕಾರು ಪಡೆದಿದ್ದೇನೆ" ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ.

ಕೋಡ್_ಓದುಗ

ಕ್ಲಚ್ ಬದಲಿಸಿದ ಮೇಲೂ ನಡುಕ ಬಂದಿದೆ ಅನ್ನೋದು ಬೇಜಾರಿನ ಸಂಗತಿ, ಆದರೆ ನಿಮ್ಮ ವಾದಕ್ಕೆ ಅದೇ ದೊಡ್ಡ ಬಲ. ಯಾಕೆ ಅಂತ ಹೇಳ್ತೀನಿ.

ಡ್ರೈ ಕ್ಲಚ್‌ಗೆ ಎಣ್ಣೆಯ ತಂಪು ಇಲ್ಲ, ಗಾಳಿಯೊಂದೇ. ಟ್ರಾಫಿಕ್‌ನಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಕಚ್ಚದೆ ಜಾರುತ್ತಾ ಇರುತ್ತೆ, ಕಾಯುತ್ತೆ, ಲೈನಿಂಗಿನ (ಕ್ಲಚ್ ತಟ್ಟೆಯ ಮೇಲಿನ ಉಜ್ಜೋ ಪದರ) ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತೆ. ಆಮೇಲೆ ಹಿಡಿ–ಜಾರು–ಹಿಡಿ ಅಂತ ಕ್ಷಣಕ್ಕೆ ಹತ್ತಾರು ಸಲ ಆಗೋದೇ ನಿಮಗೆ ನಡುಕವಾಗಿ ತಿಳಿಯೋದು. ಗೇರ್‌ಬಾಕ್ಸ್ ಕಂಪ್ಯೂಟರ್ ಕ್ಲಚ್ ಎಲ್ಲಿ ಕಚ್ಚುತ್ತೆ ಅನ್ನೋ ಬಿಂದುವನ್ನ ಕಲಿತುಕೊಳ್ಳುತ್ತಾ ಹೋಗುತ್ತೆ. ಸಾಫ್ಟ್‌ವೇರ್ ಹಾಕಿ ಆ ಕಲಿಕೆಯನ್ನ ಅಳಿಸಿದರೆ ಕೆಲವು ನೂರು ಕಿ.ಮೀ. ಹಾಯಾಗಿರುತ್ತೆ, ಆಮೇಲೆ ಮತ್ತೆ ಶುರು.

"ಕ್ಲಚ್ ಸವೆಯೋ ಭಾಗ, ಓಡಿಸೋ ರೀತಿಯಿಂದ ಹೀಗಾಗಿದೆ, ವಾರಂಟಿ ಇಲ್ಲ" ಅನ್ನೋದು ಡೀಲರ್‌ಗಳ ಮಾಮೂಲಿ ಉತ್ತರ. ಹೊಸ ಕ್ಲಚ್ ನಾನೂರು ಕಿ.ಮೀ.ಗೆ ಸವೆಯಲ್ಲ. ಅಂದಮೇಲೆ ಮೂಲ ಬೇರೆ ಕಡೆ ಇರಬೇಕು: ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ತಾಗೋದು, ಆಕ್ಚುಯೇಟರ್ ಅಥವಾ ಫೋರ್ಕ್ (ಕ್ಲಚ್ಚನ್ನ ಒತ್ತಿ ಬಿಡೋ ಭಾಗಗಳು) ಸರಿಯಾಗಿ ಚಲಿಸದೇ ಇರೋದು, ಫ್ಲೈವೀಲ್ ದೋಷ, ಇಲ್ಲಾ ಕೂರಿಸುವಾಗ ಶಿಮ್ (ಅಂತರ ಸರಿಪಡಿಸೋ ತೆಳು ಬಿಲ್ಲೆ) ಅಳತೆ ತಪ್ಪಿರೋದು. ಡೀಲರ್‌ಗೆ ಲಿಖಿತವಾಗಿ ಕೇಳಿ: ಬಿಚ್ಚಿದಾಗ ಹಳೇ ಕ್ಲಚ್ ಹೇಗಿತ್ತು, ಎಣ್ಣೆ ಕಲೆ ಇತ್ತಾ, ಫೋಟೋ ತೆಗೆದಿದ್ದೀರಾ, ಹಳೇ ಭಾಗ ಎಲ್ಲಿದೆ? ವಾರಂಟಿ ಕ್ಲೇಮಿಗೆ ಅವರು ಸಾಮಾನ್ಯವಾಗಿ ಕಂಪನಿಗೆ ಫೋಟೋ ಕಳಿಸಿರುತ್ತಾರೆ.

ಇನ್ನು ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿಡೋ ದೋಷದ ಸಂಖ್ಯೆಯ ವಿಷಯ. ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರನ್ನ ಓದೋ ಸಾಕೆಟ್) ಹಾಕೋ ಚಿಕ್ಕ ಬ್ಲೂಟೂತ್ ರೀಡರ್‌ಗಳು ಎಂಜಿನ್ ಕಂಪ್ಯೂಟರನ್ನ ಓದ್ತವೆ, ಗೇರ್‌ಬಾಕ್ಸ್ ಒಳಗಿನ ಕೋಡ್ ಬಹಳಷ್ಟು ಕಾರುಗಳಲ್ಲಿ ಅವಕ್ಕೆ ಸಿಗಲ್ಲ. ಹೆಚ್ಚೆಂದರೆ ಪಿ0700 ಕಾಣಬಹುದು. ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ದೋಷ ದಾಖಲಾಗಿದೆ, ಅಲ್ಲಿ ನೋಡಿ ಅಂತ ಅದರ ಅರ್ಥ. ಆದರೂ ಒಂದು ವಿಷಯಕ್ಕೆ ಆ ರೀಡರ್ ತುಂಬಾ ಉಪಯೋಗ. "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅನ್ನೋ ಲೆಕ್ಕ ಎಂಜಿನ್ ಕಂಪ್ಯೂಟರ್ ಇಟ್ಟುಕೊಂಡಿರುತ್ತೆ. ವರ್ಕ್‌ಶಾಪಿನಿಂದ ಬಂದ ದಿನ ಅದು 12 ಕಿ.ಮೀ. ತೋರಿಸಿದರೆ ಅವರು ಅಳಿಸಿದ್ದಾರೆ ಅಂತಲೇ ಅರ್ಥ (ಬ್ಯಾಟರಿ ಬಿಚ್ಚಿದರೂ ಕೆಲವು ಕಾರುಗಳಲ್ಲಿ ಸೊನ್ನೆಯಾಗುತ್ತೆ, ಅದನ್ನೂ ಕೇಳಿ). ಹಾಗಿದ್ದೂ ಜಾಬ್ ಕಾರ್ಡಿನಲ್ಲಿ "ಯಾವ ಕೋಡೂ ಇರಲಿಲ್ಲ" ಅಂತಿದ್ದರೆ ಅದನ್ನ ಪ್ರಶ್ನಿಸಬಹುದು. ಸ್ಕ್ರೀನ್‌ಶಾಟ್ ತೆಗೆದಿಡಿ, ಓಡೋಮೀಟರ್ ಫೋಟೋ ಜೊತೆಗೆ.

ನೀವಾಗಿ ಯಾವ ಕೋಡನ್ನೂ ಅಳಿಸಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್, ಅಂದರೆ ಆ ಹೊತ್ತಿನ ವೇಗ, ಆರ್‌ಪಿಎಂ, ತಾಪಮಾನ ಎಲ್ಲಾ ಅಳಿಸಿ ಹೋಗುತ್ತೆ. ಓದಿ ಆದ ಮೇಲೆ ರೀಡರ್ ಕಿತ್ತಿಡಿ, ಇಲ್ಲಾಂದ್ರೆ ಅದರಿಂದಲೇ ತೊಂದರೆ ಅಂತಾರೆ. ಡೀಲರ್‌ ಹತ್ರ ಪೂರ್ತಿ ವಾಹನದ ಸ್ಕ್ಯಾನ್ ರಿಪೋರ್ಟ್ ಕೇಳಿ, ಕೆಲಸಕ್ಕೆ ಮುಂಚಿನದು ಒಂದು, ನಂತರದ್ದು ಒಂದು.

ವಿಡಿಯೋ ತೆಗೆಯೋಕೆ ಪಕ್ಕದ ಸೀಟಿನವರಿಗೆ ಹೇಳಿ. ಶುರುವಿನಲ್ಲಿ ಓಡೋಮೀಟರ್, ಆಮೇಲೆ ಒಂದೇ ಫ್ರೇಮಿನಲ್ಲಿ ವೇಗ, ಆರ್‌ಪಿಎಂ, ಗೇರ್ ಅಂಕಿ. ಡ್ಯಾಶ್‌ಬೋರ್ಡ್ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಇಟ್ಟರೆ ನಡುಕ ಕಣ್ಣಿಗೆ ಕಾಣುತ್ತೆ. ಕತ್ತರಿಸಬೇಡಿ, ಎಡಿಟ್ ಮಾಡಬೇಡಿ, ಮೂಲ ಫೈಲ್ ಹಾಗೇ ಇರಲಿ.

ನಡುರಸ್ತೆಯಲ್ಲಿ ಗೇರ್ ಬಿಟ್ಟು ನಿಲ್ಲುತ್ತೆ ಅಂದಿರಿ. ಅದು ಸುರಕ್ಷತೆಯ ಮಾತು. ಹೆದ್ದಾರಿಗೆ ಆ ಗಾಡಿ ಒಯ್ಯಲೇಬೇಡಿ.

ಗ್ರಾಹಕ_ಪಕ್ಷ

ಕಾರು ಯಾವ ದೇಶದಲ್ಲಿ ತಗೊಂಡಿದ್ದು ಅಂತ ಬರೆದಿಲ್ಲ, ಉತ್ತರ ಅದರ ಮೇಲೆ ತುಂಬಾ ಬದಲಾಗುತ್ತೆ. ಓದುಗರು ಎಲ್ಲಾ ಕಡೆ ಇರೋದರಿಂದ ಒಂದೊಂದಾಗಿ ಹೇಳ್ತೀನಿ.

ಬ್ರಿಟನ್ ಆದರೆ ಈ ವಾರವೇ ಪತ್ರ ಕಳಿಸಿ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಮೊದಲ 30 ದಿನ ನೇರವಾಗಿ ಕಾರು ತಿರಸ್ಕರಿಸುವ ಹಕ್ಕಿದೆ, ನಿಮಗೆ ಅದು ಕಳೆದಿದೆ. ಆದರೆ ಒಂದು ಸಲ ರಿಪೇರಿ ಮಾಡಿಯೂ ದೋಷ ಉಳಿದರೆ ಕೊನೆಯ ತಿರಸ್ಕಾರದ ಹಕ್ಕು ಹುಟ್ಟುತ್ತೆ. ಆರು ತಿಂಗಳ ಒಳಗೆ ಕಂಡ ದೋಷ ಕೊಟ್ಟಾಗಲೇ ಇತ್ತು ಅಂತ ಭಾವಿಸಲಾಗುತ್ತೆ, ಇಲ್ಲ ಅಂತ ತೋರಿಸೋ ಹೊಣೆ ಡೀಲರ್‌ದು. ನಿಮ್ಮದು ಐದು ತಿಂಗಳು, ದೋಷ ಆಗಲೇ ದಾಖಲೆಯಲ್ಲಿದೆ. ನೀವು ಬಳಸಿದ್ದಕ್ಕೆ ವಾಪಸ್ ಕೊಡೋ ದುಡ್ಡಿನಲ್ಲಿ ಒಂದಿಷ್ಟು ಕಡಿತ ಮಾಡಬಹುದು, ಕಾರುಗಳ ವಿಷಯದಲ್ಲಿ ಆ ಅವಕಾಶ ಡೀಲರ್‌ಗಿದೆ. ಹೈರ್ ಪರ್ಚೇಸ್ (ಕಂತು ಮುಗಿಯೋ ತನಕ ಕಾರು ಫೈನಾನ್ಸ್ ಕಂಪನಿಯದೇ ಆಗಿರೋ ಸಾಲ) ಆಗಿದ್ದರೆ ಕಾನೂನಿನ ಕಣ್ಣಿಗೆ ನಿಮಗೆ ಕಾರು ಕೊಟ್ಟದ್ದು ಫೈನಾನ್ಸ್ ಕಂಪನಿ, ಹಾಗಾಗಿ ಪತ್ರ ಅವರಿಗೆ ಹೋಗಬೇಕು.

ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಮಾರಾಟಗಾರನ ಹೊಣೆ ಕನಿಷ್ಠ ಎರಡು ವರ್ಷ, ಮೊದಲ ಒಂದು ವರ್ಷ ಸಾಬೀತಿನ ಭಾರ ಅವನ ಮೇಲೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಲೆಮನ್ ಕಾನೂನು (ರಿಪೇರಿಗೆ ಬಗ್ಗದ ಗಾಡಿಗೆ ಬದಲಿ ಅಥವಾ ದುಡ್ಡು ವಾಪಸ್ ಕೊಡಿಸೋ ಕಾನೂನು). ಎಷ್ಟು ಸಲ ರಿಪೇರಿ, ಎಷ್ಟು ದಿನ ಗಾಡಿ ನಿಂತಿತ್ತು ಅನ್ನೋದು ಅಲ್ಲಿ ಎಣಿಕೆಗೆ ಬರುತ್ತೆ.

ಭಾರತದಲ್ಲಿ ದಾರಿ ಸ್ವಲ್ಪ ಉದ್ದ. ಲೆಮನ್ ಕಾನೂನು ಇಲ್ಲ, ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. ವಾರಂಟಿಯಲ್ಲಿ ದೋಷದ ಭಾಗ ಬದಲಿಸಿ ಕೊಡ್ತೀವಿ ಅಂತಷ್ಟೇ ಇದ್ದರೆ ಇಡೀ ಕಾರು ಬದಲಿಸಿ ಅನ್ನಲಾಗದು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಬರೀ "ತೊಂದರೆ ಇದೆ" ಸಾಲದು, ಇದು ಉತ್ಪಾದನಾ ದೋಷ ಅಂತ ತೋರಿಸಬೇಕು. ಅದಕ್ಕೆ ತಜ್ಞರ ವರದಿ ಬೇಕು. ಆಟೋಮೊಬೈಲ್ ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ. ತಪಾಸಣೆಯ ದಿನವನ್ನ ಮೊದಲೇ ಡೀಲರ್‌ಗೂ ಕಂಪನಿಗೂ ಇಮೇಲ್ ಮಾಡಿ ಕರೆಯಿರಿ. ಬಂದರೆ ಜಂಟಿ ತಪಾಸಣೆ, ಬಾರದಿದ್ದರೆ ಕರೆದರೂ ಬರಲಿಲ್ಲ ಅನ್ನೋ ದಾಖಲೆ. ದೂರು ವಿಚಾರಿಸೋ ಗ್ರಾಹಕ ಆಯೋಗವೂ ಅಗತ್ಯ ಬಿದ್ದರೆ ಪ್ರಯೋಗಾಲಯದ ಪರೀಕ್ಷೆಗೆ ಆದೇಶ ಮಾಡಬಹುದು, ದೂರಿನ ಜೊತೆಗೇ ಅದಕ್ಕೊಂದು ಅರ್ಜಿ ಹಾಕಿ.

ಪತ್ರ ಹೇಗಿರಬೇಕು: 17 ಅಕ್ಷರ–ಅಂಕಿಗಳ ಚಾಸಿ ನಂಬರ್, ಇನ್‌ವಾಯ್ಸ್ ದಿನಾಂಕ, ಪ್ರತಿ ರಿಪೇರಿಯ ದಿನ ಮತ್ತು ಕಿ.ಮೀ., ಈಗಿನ ಸ್ಥಿತಿ, ಏನು ಬೇಕು, ಯಾವ ತಾರೀಖಿನೊಳಗೆ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಐದನೇ ಸಲ ಸಾಫ್ಟ್‌ವೇರ್ ಹಾಕಿ ಸುಮ್ಮನಾಗ್ತಾರೆ. "ಕಾರು ಹಿಂದಕ್ಕೆ ಪಡೆದು ಇಷ್ಟು ಹಣ ಕೊಡಿ" ಅನ್ನಿ, ಮೊತ್ತವನ್ನ ಬಿಡಿಸಿ ಬರೆಯಿರಿ: ಇನ್‌ವಾಯ್ಸ್ ಬೆಲೆ, ರಸ್ತೆ ತೆರಿಗೆ ಮತ್ತು ನೋಂದಣಿ, ವಿಮೆ, ಡೀಲರ್ ಹಾಕಿಕೊಟ್ಟ ಆಕ್ಸೆಸರೀಸ್, ಸಾಲದ ಬಡ್ಡಿ, ಟೋಯಿಂಗ್. 15 ದಿನ ಗಡುವು ಕೊಡಿ. ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರ ಹೆಸರಿಗೂ ಒಂದೇ ಪತ್ರ, ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ. ಅವರನ್ನ ಕೇಳಿ, ಇವರನ್ನ ಕೇಳಿ ಅನ್ನೋ ಆಟ ಅಲ್ಲಿಗೆ ನಿಲ್ಲುತ್ತೆ. ದೂರಿನಲ್ಲೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಗಡುವು ಮೀರಿದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅಲ್ಲೇ ಬಗೆಹರಿದದ್ದೂ ಇದೆ, ಆದರೆ ಅವರಿಗೆ ಆದೇಶ ಮಾಡೋ ಅಧಿಕಾರ ಇಲ್ಲ. ಆಮೇಲೆ ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಸಾಕು. ಕಾಲಮಿತಿ ಎರಡು ವರ್ಷ. ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಕೊಡೋಕೆ 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನ ಮಾಡಿದೆ. ಕಾರನ್ನ ಬಾಡಿಗೆಗೆ ಬಿಟ್ಟಿದ್ದರೆ ವಾಣಿಜ್ಯ ಬಳಕೆ ಅನ್ನೋ ತಕರಾರು ಬರುತ್ತೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿ.

ಓಡಿಸೋದರ ಬಗ್ಗೆ: ಕೇಸು ಹಾಕಿ 40,000 ಕಿ.ಮೀ. ಓಡಿಸಿದರೆ "ಇಷ್ಟು ಓಡಿದ ಕಾರಿಗೆ ಏನು ದೋಷ" ಅಂತ ಖಂಡಿತ ಕೇಳ್ತಾರೆ. ಬೇರೆ ದಾರಿ ಇಲ್ಲದಾಗ ಮಾತ್ರ ಓಡಿಸಿ. ಸರ್ವಿಸ್ ಮಾತ್ರ ತಪ್ಪಿಸಬೇಡಿ, ಹೊರಗಿನ ವೈರಿಂಗ್ ಕೆಲಸ, ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಹೊರಗೆ ಬದಲಿಸೋದು) ಏನೂ ಬೇಡ.

ಎರಡನೇ_ಗೇರು

ತುಂಬಾ ಉಪಕಾರ ಆಯ್ತು. ನೋಡಿದೆ, ಎರಡನೇ ಜಾಬ್ ಕಾರ್ಡಿನಲ್ಲಿ "ಪಿಕಪ್ ಕಮ್ಮಿ" ಅಂತಲೇ ಇದೆ, ಹೇಳಿದ್ದು ನಡುಕ. ಈಗ ಡೀಲರ್ ಎರಡು ವರ್ಷ ಹೆಚ್ಚುವರಿ ವಾರಂಟಿ, ಮೂರು ಸರ್ವಿಸ್ ಫ್ರೀ ಕೊಡ್ತೀವಿ, ಒಂದು ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ. ಇಲ್ಲಾಂದ್ರೆ ಕಾರನ್ನ ಎಕ್ಸ್‌ಚೇಂಜ್‌ಗೆ ತಗೋತಾರಂತೆ.

ಗ್ರಾಹಕ_ಪಕ್ಷ

ಆ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅನ್ನೋ ಮಾತಿದ್ದರೆ ಸಹಿ ಬೇಡ. ಅದೇ ದೋಷ ಮುಂದಿನ ತಿಂಗಳು ಬಂದರೂ ನಿಮ್ಮ ಬಾಯಿ ಕಟ್ಟಿಹೋಗಿರುತ್ತೆ. ಎಕ್ಸ್‌ಚೇಂಜ್ ಅಂದರೆ ಹಳೇ ಕಾರಿನ ಮಾರುಕಟ್ಟೆ ದರ. ದೋಷದ ನಷ್ಟ ಪೂರ್ತಿ ನಿಮ್ಮ ತಲೆಗೆ ಬರುತ್ತೆ, ಮೇಲೆ ಹೊಸ ಕಾರಿನ ತೆರಿಗೆ ಬೇರೆ. ವಾಪಸ್ ತಗೊಳ್ಳೋಕೆ ಒಪ್ಪಿದರೆ ಇನ್‌ವಾಯ್ಸ್ ಬೆಲೆಯಿಂದ ಕಿ.ಮೀ. ಲೆಕ್ಕದ ಕಡಿತ ಎಷ್ಟು, ಹೇಗೆ ಬಂತು ಅಂತ ಲಿಖಿತವಾಗಿ ಕೇಳಿ. ಆ ಲೆಕ್ಕದ ಮೇಲೆ ಚೌಕಾಸಿ ಮಾಡೋದು ತಪ್ಪಲ್ಲ.

ಸರ್ವಿಸ್_ಕೌಂಟರ್

ಎರಡನೇ ಕಾರ್ಡಿನ ಬಗ್ಗೆ ಇವತ್ತೇ ಸರ್ವಿಸ್ ಮ್ಯಾನೇಜರ್‌ಗೆ ಇಮೇಲ್ ಮಾಡಿ: ಆ ದಿನ ಹೇಳಿದ ದೂರು ಇದು, ಕಾರ್ಡಿನಲ್ಲಿ ತಪ್ಪಾಗಿ ನಮೂದಾಗಿದೆ. ಆ ವಾರ ಅಡ್ವೈಸರ್‌ಗೆ ಕಳಿಸಿದ ವಾಟ್ಸಾಪ್ ಮೆಸೇಜಿನಲ್ಲಿ ನಡುಕದ ಮಾತಿದ್ದರೆ ಅದನ್ನೂ ಲಗತ್ತಿಸಿ.

ವಾಪಸ್ ಕೊಡೋ ದಿನ ಬಂದರೆ ಕೀ ಎಸೆದು ಬರಬೇಡಿ. "ರಿಪೇರಿಗಲ್ಲ, ಹಿಂದಿರುಗಿಸಲು" ಅಂತ ಬರೆದ ರಸೀದಿಯಲ್ಲಿ ಓಡೋಮೀಟರ್, ಎರಡೂ ಕೀ, ಸ್ಟೆಪ್ನಿ, ಟೂಲ್ ಕಿಟ್, ನಾಲ್ಕೂ ಕಡೆಯ ಸ್ಥಿತಿ, ಸಮಯ, ಸೀಲು ಇರಲಿ. ಅವರು ಒಪ್ಪದೆ ನೀವೇ ನಿಲ್ಲಿಸಿ ಬಂದರೆ ಪಾರ್ಕಿಂಗ್ ಶುಲ್ಕ ಅಂತ ಬಿಲ್ ಕಳಿಸ್ತಾರೆ. ಭಾರತದಲ್ಲಾದರೆ ಸಾಲ ತೀರಿದ ಮೇಲೆ ಹೈಪೋಥಿಕೇಶನ್ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹಕ್ಕಿನ ನಮೂದು) ತೆಗೆಸೋಕೆ ಫಾರಂ 35, ಹೆಸರು ವರ್ಗಾವಣೆಗೆ 29 ಮತ್ತು 30. ಡೀಲರ್ ಸಾಲದ ಬಾಕಿಯನ್ನ ನೇರ ಬ್ಯಾಂಕಿಗೆ ಕಟ್ಟಿ ಉಳಿದದ್ದನ್ನ ನಿಮ್ಮ ಖಾತೆಗೆ ಹಾಕಲಿ. ಹಣ ಬಂದದ್ದು ಖಾತೆಯಲ್ಲಿ ಕಾಣೋ ತನಕ 29, 30ಕ್ಕೆ ಸಹಿ ಹಾಕಿ ಕೊಡಬೇಡಿ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರೋವರೆಗೂ ಆ ಗಾಡಿ ಅಪಘಾತ ಮಾಡಿದರೆ ನೋಟಿಸ್ ನಿಮ್ಮ ಮನೆಗೇ ಬರೋದು, ಹಾಗಾಗಿ ಹೆಸರು ಬದಲಾಗಿದೆಯಾ ಅಂತ ಆಮೇಲೆ ನೀವೇ ನೋಡಿಕೊಳ್ಳಿ, ವಿಮೆಯನ್ನೂ ಅಲ್ಲೀವರೆಗೆ ನಿಲ್ಲಿಸಬೇಡಿ.