ನೀರಿನ ದರ ಏರಿಸುವ ತೀರ್ಮಾನ ಯಾರ ಮುಂದೆ ಆಗಬೇಕು?

ಪ್ರಶ್ನೆ – ಹೊರಮಾವು ನಿವಾಸಿ

ನಮ್ಮ ಹೊರಮಾವು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗುವವರೆಗೂ ನಮ್ಮ ಬೀದಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಬಂದ ಒಂದೊಂದು ಟ್ಯಾಂಕರಿಗೂ ನನ್ನ ತಾಯಿ ಸಂಪಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು. ಆ ಗೀಟುಗಳು ಇನ್ನೂ ಅಳಿಸಿಲ್ಲ. ಆದ್ದರಿಂದ ನಲ್ಲಿ ನೀರಿಗೆ ದುಡ್ಡು ಕೊಡಲು ನನಗೆ ಬೇಸರವಿಲ್ಲ. ಕಾಡುತ್ತಿರುವುದು ತೀರ್ಮಾನ ನಡೆದ ರೀತಿ. 2014ರ ನಂತರ ಮುಟ್ಟದೆ ಬಿಟ್ಟಿದ್ದ ದರವನ್ನು 2025ರ ಏಪ್ರಿಲ್‌ನಲ್ಲಿ ಏರಿಸಿ, ಇನ್ನು ಮುಂದೆ ಪ್ರತಿ ಏಪ್ರಿಲ್ 1ರಂದು ಶೇ 3ರಷ್ಟು ತಾನಾಗಿಯೇ ಏರುವಂತೆಯೂ ಮಾಡಲಾಯಿತು. ಅದೇ ಹೊತ್ತಿಗೆ, ಪಾಲಿಕೆಯನ್ನು ಹಲವು ಪಾಲಿಕೆಗಳಾಗಿ ಒಡೆಯಲು ಅವಕಾಶ ಕೊಡುವ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯೂ ಅಂಗೀಕಾರವಾಯಿತು. ಇಷ್ಟೆಲ್ಲ ಆಗುವಾಗ ನಾವು ಆರಿಸಿ ಕಳಿಸಿದವರು ನೀರಿನ ಹಣದ ಬಗ್ಗೆ ಎಲ್ಲಾದರೂ ಕುಳಿತು ಚರ್ಚಿಸಿದರೇ? ದರ ಏರಿಕೆಗೆ ಸದನದ ಒಪ್ಪಿಗೆ ಬೇಡವೇ?

ಉತ್ತರ 1 – ಮಲ್ಲೇಶ್ವರದ ವಕೀಲೆ

ಬೇಡ. ನಗರಕ್ಕೆ ನೀರು ಕೊಡುವ ಜಲಮಂಡಳಿ 1964ರ ಕಾಯ್ದೆಯಿಂದ ಹುಟ್ಟಿದ್ದು, ಸರ್ಕಾರದ ಒಪ್ಪಿಗೆ ಪಡೆದು ದರ ನಿಗದಿ ಮಾಡುತ್ತದೆ. ಒಂದು ವಿಷಯವನ್ನು ಮಾತ್ರ ಬೇರೆ ಮಾಡಿ ನೋಡಬೇಕು, ಸರ್. ಗ್ರೇಟರ್ ಬೆಂಗಳೂರು ಮಸೂದೆಯನ್ನು 2024ರ ಜುಲೈನಲ್ಲಿ ಮಂಡಿಸಿದಾಗ ವಿರೋಧ ಬಂದದ್ದರಿಂದಲೇ ಅದು ಜಂಟಿ ಸಮಿತಿಗೆ ಹೋಯಿತು, 2025ರ ಮಾರ್ಚ್‌ನಲ್ಲಿ ಸದನದಲ್ಲಿ ಅಂಗೀಕಾರವಾಯಿತು, ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದ ಮೇಲೆ ಒಪ್ಪಿಗೆ ದೊರೆತು ಮೇ 15ರಂದು ಜಾರಿಗೆ ಬಂತು. ಅದನ್ನು ಅವಸರದ ಕಾನೂನು ಎನ್ನುವವರಿಗೂ ವಾದಿಸಲು ಒಂದು ವೇದಿಕೆಯಾದರೂ ಇತ್ತು. ನೀರಿನ ದರಕ್ಕೆ ಅದೂ ಇರಲಿಲ್ಲ. ಸಂವಿಧಾನದ 12ನೇ ಅನುಸೂಚಿ ನೀರು ಸರಬರಾಜನ್ನು ನಗರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ದರ ಏರಿದ ದಿನ, ಹೋಗಿ ಕೇಳಲು ಈ ನಗರದ ಒಂದು ವಾರ್ಡಿಗೂ ಕಾರ್ಪೊರೇಟರ್ ಇರಲಿಲ್ಲ. ನನ್ನ ಆಕ್ಷೇಪವೆಲ್ಲ ಅಲ್ಲಿದೆ.

ಉತ್ತರ 2 – ನಿವೃತ್ತ ಎಂಜಿನಿಯರ್, ಜಯನಗರ

ದರ ಏರಿಕೆಯನ್ನೇ ತಪ್ಪೆನ್ನಲು ನಾನು ಸಿದ್ಧನಿಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಸಾಗಿ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪುಗಳು ಅದನ್ನು ಮೇಲಕ್ಕೆತ್ತಬೇಕು. ವಿದ್ಯುತ್ ದರ ಏರುತ್ತಲೇ ಇರುವಾಗ ನೀರಿನ ದರವನ್ನು ಮಾತ್ರ ಹನ್ನೊಂದು ವರ್ಷ ಹಿಡಿದಿಟ್ಟರೆ ಪೈಪಿನ ದುರಸ್ತಿಗೆ ಎತ್ತಿಡಬೇಕಾದ ಹಣವೇ ಕರಗುತ್ತದೆ. ತಿಂಗಳಿಗೆ 8,000 ಲೀಟರ್‌ವರೆಗೆ ಏರಿದ್ದು ಲೀಟರಿಗೆ 0.15 ಪೈಸೆ, ಅಂದರೆ 8,000 ಲೀಟರಿಗೆ 12 ರೂಪಾಯಿ. ಟ್ಯಾಂಕರ್ ಕಂಡ ಮನೆಗೆ ಇದು ದೊಡ್ಡದಲ್ಲ.

ನಾನು ಒಪ್ಪದಿರುವುದು ಬೇರೊಂದನ್ನು. ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೇ ಹಂತವನ್ನು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲದಿಂದ ಕಟ್ಟಿದ್ದಾರೆ. ದಿನನಿತ್ಯದ ಖರ್ಚು ಬಿಲ್ಲಿನಿಂದ ಬರಲಿ. ಸಾಲದ ಕಂತು ರಾಜ್ಯದ ಬಜೆಟ್ಟಿನಿಂದ ಬರಬೇಕೋ ನಲ್ಲಿ ಇದ್ದವರಿಂದ ಬರಬೇಕೋ ಎಂಬುದನ್ನು ಶಾಸಕರು ಬಾಯಿಬಿಟ್ಟು ಹೇಳಬೇಕು. ಸೋರಿಕೆಯಿಂದ ಲೆಕ್ಕಕ್ಕೆ ಸಿಗದೆ ಹೋಗುವ ನೀರಿನ ಹೊಣೆಯೂ ಹಾಗೆಯೇ.

ಉತ್ತರ 3 – ಡಬ್ಲಿನ್‌ನಿಂದ ಮರಳಿದವನು

ಐರ್ಲೆಂಡಿನಲ್ಲಿ ಕಾನೂನೇ ಅವಸರದ್ದಾಗಿತ್ತು. ಅಲ್ಲಿನ ಸರ್ಕಾರ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದ್ದ ನೀರು ಸರಬರಾಜನ್ನು ಐರಿಷ್ ವಾಟರ್ ಎಂಬ ಒಂದೇ ಕಂಪನಿಗೆ ವಹಿಸುವ ಮಸೂದೆಯನ್ನು 2013ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ರಜೆಗೆ ಮುಂಚೆ, ಚರ್ಚೆಗೆ ಕೆಲವೇ ಗಂಟೆಗಳನ್ನು ಕೊಟ್ಟು ಮುಗಿಸಿತು. ವಿರೋಧ ಪಕ್ಷಗಳು ಸದನದಿಂದ ಹೊರನಡೆದವು. ಮರುವರ್ಷ ಜನ ನೀರಿನ ಶುಲ್ಕದ ವಿರುದ್ಧ ಬೀದಿಗಿಳಿದರು, ಮನೆ ಮುಂದೆ ಮೀಟರ್ ಹಾಕಲು ಬಂದವರನ್ನು ತಡೆದರು. 2016ರಲ್ಲಿ ಶುಲ್ಕವನ್ನು ಅಮಾನತಿನಲ್ಲಿ ಇಡಲಾಯಿತು, 2017ರಲ್ಲಿ ಕಟ್ಟಿದವರಿಗೆ ಹಣ ವಾಪಸು ಮಾಡುವ ತೀರ್ಮಾನವೂ ಆಯಿತು. ಹಳೆಯ ಪೈಪುಗಳಿಗೆ ಅಲ್ಲಿಯೂ ಹಣ ಬೇಕಿತ್ತು, ಎಂಜಿನಿಯರ್ ಸರ್ ಹೇಳುವ ಮಾತು ಅಲ್ಲಿಗೂ ಸರಿಯೇ. ಆದರೆ ಚರ್ಚೆಯಲ್ಲಿ ಉಳಿಸಿದ ಆ ಕೆಲವು ದಿನಗಳಿಗಾಗಿ ವರ್ಷಗಳ ಆದಾಯವನ್ನೇ ಕಳೆದುಕೊಂಡರು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ಶೇ 3ರ ಏರಿಕೆ ಜಾರಿಯಾಗುವ ಮೊದಲು, ಪ್ರತಿ ವರ್ಷದ ಬಜೆಟ್ ಅಧಿವೇಶನದಲ್ಲಿ ಜಲಮಂಡಳಿಯ ವಿದ್ಯುತ್ ವೆಚ್ಚ, ಸಾಲದ ಕಂತು ಮತ್ತು ಸೋರಿಕೆಯ ಲೆಕ್ಕವನ್ನು ಸದನದ ಮುಂದಿಡಬೇಕೆಂದು ನಮ್ಮ ಶಾಸಕರಿಗೆ ಪತ್ರ ಬರೆಯುತ್ತಿದ್ದೇನೆ. ಕರಡನ್ನು ನಾಳೆ ಇಲ್ಲಿ ಹಾಕುತ್ತೇನೆ. ಮೇಡಂ, ಕಾಯ್ದೆಯ ಭಾಗವನ್ನು ದಯವಿಟ್ಟು ತಿದ್ದಿಕೊಡಿ.