ಬೈಕಿಗೆ ಲಿಥಿಯಂ ಬ್ಯಾಟರಿ ಹಾಕಿಸಬಹುದಾ? ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ

ನನ್ನದು ಎಂಟು ವರ್ಷದ ಬೈಕ್. ಸೆಲ್ಫ್ ಸ್ಟಾರ್ಟ್ ಮಾತ್ರ, ಕಿಕ್ಕರ್ ಇಲ್ಲ. ಕಂಪನಿಯಿಂದ ಬಂದ 12 ಆಂಪ್ ಅವರ್ (ಎಷ್ಟು ಕರೆಂಟ್ ತುಂಬಿಡುತ್ತದೆ ಅನ್ನುವ ಅಳತೆ) ಸೀಸದ ಬ್ಯಾಟರಿ ನಾಲ್ಕು ವರ್ಷ ಬಂತು. ಆಮೇಲೆ ಹಾಕಿಸಿದ್ದು ಎರಡು ವರ್ಷಕ್ಕೇ ಹೋಯಿತು. ಈಗಿರುವುದೂ ಸೋತಿದೆ, ಬೆಳಗ್ಗೆ ಎರಡು ಮೂರು ಸಲ ಒತ್ತಬೇಕು. ಇನ್ನೊಂದು ಸೀಸದ್ದು ಕೊಳ್ಳುವ ಬದಲು ಲಿಥಿಯಂ ಹಾಕಿಸೋಣ ಅಂತಿದ್ದೇನೆ. ತೂಕ ಕಮ್ಮಿ, ಬಾಳಿಕೆ ಜಾಸ್ತಿ ಅಂತಾರೆ. ವಾರಕ್ಕೆ ಒಂದೆರಡು ಸಲ ಮಾತ್ರ ಗಾಡಿ ತೆಗೆಯುತ್ತೇನೆ. ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಿ.

ಮೊದಲ ಉತ್ತರ

ನಾನು ಲಿಥಿಯಂಗೆ ಬಂದು ಆರು ವರ್ಷ ಆಯಿತು. ಮೊದಲನೆಯದು ಎಂಟು ತಿಂಗಳಿಗೇ ಸತ್ತಿತು, ತಪ್ಪು ನನ್ನದೇ. ಎರಡನೆಯದು ಇವತ್ತಿಗೂ ಗಟ್ಟಿಯಾಗಿದೆ. ಸತ್ತದ್ದರ ಬಗ್ಗೆ ಮೊದಲು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅದೇ.

ನನ್ನ ಹಳೆಯ ಬ್ಯಾಟರಿಯೂ 12 ಆಂಪ್ ಅವರ್. ಲಿಥಿಯಂ ಡಬ್ಬದ ಮೇಲೂ ದೊಡ್ಡದಾಗಿ 12 ಅಂತಲೇ ಇತ್ತು. ಆಮೇಲೆ ಗೊತ್ತಾಯಿತು, ಅದು ಸೀಸದ ಬ್ಯಾಟರಿಗೆ ಸಮ ಅನ್ನುವ ಲೆಕ್ಕ. ಒಳಗೆ ನಿಜವಾಗಿ ಇದ್ದದ್ದು 4 ಆಂಪ್ ಅವರ್. ಇದು ಮೋಸ ಅಲ್ಲ. ಸೆಲ್ಫ್ ಹೊಡೆಯಲು ಬೇಕಾದದ್ದು ಒಂದೆರಡು ಸೆಕೆಂಡಿನ ಜೋರು ಕರೆಂಟ್. ಲಿಥಿಯಂ ಅದನ್ನು ಸಣ್ಣ ಮೈಯಿಂದಲೇ ಕೊಡುತ್ತದೆ. ಆದರೆ ನಿಂತ ಗಾಡಿಯಲ್ಲಿ ದಿನಗಟ್ಟಲೆ ಸಣ್ಣಗೆ ಸೋರುವ ಕರೆಂಟಿಗೆ ಈ ಸಮದ ಲೆಕ್ಕ ನಡೆಯುವುದಿಲ್ಲ. ಅಲ್ಲಿ 4 ಅಂದರೆ 4 ಅಷ್ಟೇ.

ನನ್ನ ಗಾಡಿಯಲ್ಲಿ ಜಿಪಿಎಸ್ ಟ್ರ್ಯಾಕರ್ ಇತ್ತು. ಕೀ ತೆಗೆದರೂ ಅದು 30 ಮಿಲಿ ಆಂಪ್ ಎಳೆಯುತ್ತಿತ್ತು. ದಿನಕ್ಕೆ 0.72 ಆಂಪ್ ಅವರ್ ಆಯಿತು. ಸೀಸದ ಬ್ಯಾಟರಿ ಇದ್ದಾಗ ವಾರ ಬಿಟ್ಟು ಬಂದರೂ ಗಾಡಿ ಸ್ಟಾರ್ಟ್ ಆಗುತ್ತಿತ್ತು, ಹಾಗಾಗಿ ಅದರ ಕಡೆ ಗಮನವೇ ಹೋಗಿರಲಿಲ್ಲ. ಲಿಥಿಯಂ ಹಾಕಿದ ಮೇಲೆ ಹತ್ತು ದಿನ ಬಿಟ್ಟು ಬಂದು ನೋಡಿದರೆ 5 ವೋಲ್ಟ್ ತೋರಿಸಿತು. ಸೀಸದ ಬ್ಯಾಟರಿಯ ಹಳೆಯ ಚಾರ್ಜರ್ ಸಿಕ್ಕಿಸಿ ಮಲಗಿದೆ. ಬೆಳಗ್ಗೆ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಸೆಲ್ಲು ಅಷ್ಟು ಕೆಳಗೆ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ತುಂಬಿದಾಗ ಒಳಗೇ ಶಾರ್ಟ್ ಆಗಬಹುದು. ಅದನ್ನು ಮನೆಯೊಳಗೆ ಇಟ್ಟು ನಿದ್ದೆ ಮಾಡಿದ್ದೆ ಅನ್ನುವುದು ನೆನಪಾದರೆ ಈಗಲೂ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಪೂರ್ತಿ ಸತ್ತ ಲಿಥಿಯಂ ಬ್ಯಾಟರಿಯನ್ನು ಎಬ್ಬಿಸಲು ಹೋಗಬೇಡಿ. ಚಾರ್ಜ್‌ಗೆ ಹಾಕಿದಾಗ ಎದುರಿಗೇ ಇರಿ.

ಎರಡನೆಯದನ್ನು ಬಿಎಂಎಸ್ ಇರುವುದನ್ನೇ ತೆಗೆದುಕೊಂಡೆ. ಬ್ಯಾಟರಿ ಒಳಗಿರುವ ಸಣ್ಣ ಸರ್ಕ್ಯೂಟ್ ಅದು. ತೀರಾ ಕೆಳಗಿಳಿದರೆ ತಾನೇ ಸಂಪರ್ಕ ಕಡಿಯುತ್ತದೆ. ಹಾಗೆ ಕಡಿದಾಗ ಮೀಟರ್ ಸೊನ್ನೆ ತೋರಿಸುತ್ತದೆ. ಗಾಬರಿ ಬೇಡ, ಅದು ಸತ್ತದ್ದಲ್ಲ. ಲಿಥಿಯಂ ಮೋಡ್ ಇರುವ ಚಾರ್ಜರ್ ಹಾಕಿದರೆ ಏಳುತ್ತದೆ. ಹಳೆಯ ಚಾರ್ಜರನ್ನು ಮಾತ್ರ ದೂರ ಇಡಿ. ಸೀಸದ ಪ್ಲೇಟಿನ ಮೇಲೆ ಕೂತ ಸಲ್ಫೇಟ್ ಬಿಡಿಸುವ ಮೋಡ್ ಇರುವ ಚಾರ್ಜರ್‌ಗಳು 15, 16 ವೋಲ್ಟ್‌ವರೆಗೆ ಹೊಡೆಯುತ್ತವೆ. ಲಿಥಿಯಂಗೆ 14.6ರ ಮೇಲೆ ಹೋಗುವಂತಿಲ್ಲ.

ಅದಕ್ಕೇ ಕೊಳ್ಳುವ ಮೊದಲು ಎರಡು ಅಳತೆ ಮಾಡಿ. ಒಂದು ಮಲ್ಟಿಮೀಟರ್ ಸಾಕು. ಈಗಿನ ಬ್ಯಾಟರಿಯನ್ನು ಫುಲ್ ಚಾರ್ಜ್ ಮಾಡಿ, ಇಲ್ಲದಿದ್ದರೆ ಅಳತೆ ಸರಿಯಾಗಿ ಬರುವುದಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿ ಟರ್ಮಿನಲ್ ಮೇಲೆ ವೋಲ್ಟ್ ನೋಡಿ, ಐಡ್ಲಿಂಗ್‌ನಲ್ಲಿ ಒಮ್ಮೆ, 5000 ಆರ್‌ಪಿಎಂನಲ್ಲಿ ಒಮ್ಮೆ. 13.6ರಿಂದ 14.6ರ ಒಳಗೆ ಇರಬೇಕು. ಎರಡನೆಯದು ಸೋರಿಕೆ. ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್‌ಗೂ ನಡುವೆ ಮೀಟರ್ ಹಿಡಿದು ಮಿಲಿ ಆಂಪ್ ನೋಡಿ. ಮೀಟರ್ ಹಿಡಿದಿರುವಾಗ ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಇನ್ನೊಬ್ಬರು

ನಾನು ಬೈಕಿನಲ್ಲಿ ಖುಷಿಯಿಂದ ಬಳಸುತ್ತೇನೆ. ನಾಲ್ಕು ಕಿಲೋ ಹತ್ತಿರ ಇದ್ದದ್ದು ಒಂದು ಕಿಲೋಗೆ ಇಳಿಯಿತು. ಸೆಲ್ಫ್ ಸದ್ದೇ ಬೇರೆ. ಆದರೆ ಅದನ್ನು ನೋಡಿ ಕಾರಿಗೂ ಹಾಕಿಸಲು ಹೊರಟಿದ್ದೆ, ಓದಿಕೊಂಡ ಮೇಲೆ ಬಿಟ್ಟೆ. ನನ್ನ ಕಾರಿನ ಬ್ಯಾಟರಿ ಇಂಜಿನ್ ಪಕ್ಕದಲ್ಲೇ ಇದೆ, ಅಲ್ಲಿನ ಬಿಸಿ ಲಿಥಿಯಂಗೆ ಆಗುವುದಿಲ್ಲ. ಜೊತೆಗೆ ಅದು ಸ್ಟಾರ್ಟ್ ಸ್ಟಾಪ್ ಇರುವ ಗಾಡಿ, ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ತಾನೇ ಆರಿ ಮತ್ತೆ ಸ್ಟಾರ್ಟ್ ಆಗುತ್ತದೆ. ಬ್ರೇಕ್ ಹಿಡಿದಾಗ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ವೋಲ್ಟ್ ಅನ್ನು 15ರ ಹತ್ತಿರ ಏರಿಸುತ್ತದೆ. ನೆಗೆಟಿವ್ ಟರ್ಮಿನಲ್ ಮೇಲಿನ ಸೆನ್ಸಾರ್ ಲೆಕ್ಕ ಹಾಕುವುದೂ ಸೀಸದ ಬ್ಯಾಟರಿಗೆ ತಕ್ಕಂತೆ. ಬೈಕಿನಷ್ಟು ಸುಲಭವಾಗಿ ಬದಲಿಸುವ ವಸ್ತು ಅಲ್ಲ ಅದು.

ಮತ್ತೊಬ್ಬರು

ಚಳಿಯ ಬಗ್ಗೆ ಯಾರೂ ಹೇಳಿಲ್ಲ. ನಾನಿರುವ ಕಡೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಮೊದಲ ಸಲ ಒತ್ತಿದರೆ ಲಿಥಿಯಂ ಬ್ಯಾಟರಿ ಮುಲುಗುತ್ತದೆ. ಸುಮ್ನೆ ಒತ್ತುತ್ತಾ ಹೋಗಬೇಡಿ. ಎರಡು ಮೂರು ನಿಮಿಷ ಹೆಡ್‌ಲೈಟ್ ಉರಿಸಿ. ಕರೆಂಟ್ ಹರಿದಂತೆ ಸೆಲ್ಲು ಒಳಗಿನಿಂದ ಬೆಚ್ಚಗಾಗುತ್ತದೆ, ಎರಡನೇ ಸಲಕ್ಕೆ ಮೋಟರ್ ಚುರುಕಾಗಿ ತಿರುಗುತ್ತದೆ. ಸೀಸದ ಬ್ಯಾಟರಿಗೆ ಅಭ್ಯಾಸವಾದವರಿಗೆ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ಅಲ್ಲಿ ಲೈಟ್ ಆರಿಸಿ ಕರೆಂಟ್ ಉಳಿಸುತ್ತಿದ್ದೆವು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜರ್ ಮಾತ್ರ ಹಾಕಲೇಬೇಡಿ. ಆಗ ಲಿಥಿಯಂ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಆ ಹಾನಿ ವಾಪಸ್ ಆಗುವುದಿಲ್ಲ. ಮನೆಯೊಳಗೆ ತಂದು ಬೆಚ್ಚಗಾದ ಮೇಲೆ ಹಾಕಿ.

ಪೋರ್ಷೆ ಕಂಪನಿ 2010ರ ಹೊತ್ತಿಗೆ 911 ಜಿಟಿ3 ಕಾರಿಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಕೊಡಲು ಶುರು ಮಾಡಿತು. ಆರು ಕಿಲೋಗಿಂತ ಕಮ್ಮಿ ತೂಕ, ಸೀಸದ್ದಕ್ಕಿಂತ ಹತ್ತು ಕಿಲೋ ಹಗುರ. ಆದರೂ ಜೊತೆಯಲ್ಲಿ ಒಂದು ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು, ಕೊರೆಯುವ ಚಳಿಗೆ ಬದಲಿಸಿಕೊಳ್ಳಲಿ ಅಂತ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಮ್ಮ ಕಡೆ ಅಂಥ ಚಳಿ ಇಲ್ಲ. ಇವತ್ತು ಅಳೆದೆ. ಸೋರಿಕೆ 3 ಮಿಲಿ ಆಂಪ್. ಐಡ್ಲಿಂಗ್‌ನಲ್ಲಿ 13.9 ವೋಲ್ಟ್. 5000 ಆರ್‌ಪಿಎಂನಲ್ಲಿ 15.3. ಇದು ಪರವಾಗಿಲ್ವಾ?

ಮೊದಲ ಉತ್ತರ ಕೊಟ್ಟವರು

ಇಲ್ಲ, 15.3 ಜಾಸ್ತಿಯಾಯಿತು! ಸದ್ಯಕ್ಕೆ ಲಿಥಿಯಂ ಕೊಳ್ಳಬೇಡಿ. ನಿಮ್ಮ ಬ್ಯಾಟರಿಗಳು ಎರಡು ವರ್ಷಕ್ಕೇ ಯಾಕೆ ಹೋದವು ಅನ್ನುವುದಕ್ಕೆ ಉತ್ತರ ಆ 15.3ರಲ್ಲೇ ಇದೆ. ಓಡುವಾಗೆಲ್ಲ ಅಷ್ಟು ವೋಲ್ಟ್ ಬಿದ್ದರೆ ಸೀಸದ ಬ್ಯಾಟರಿಯ ನೀರು ಒಡೆದು ಗ್ಯಾಸ್ ಆಗಿ ಹೋಗುತ್ತದೆ, ಪ್ಲೇಟ್ ಒಣಗುತ್ತವೆ. ಅದು ನಿಧಾನವಾಗಿ ಸಾಯುತ್ತದೆ, ಹಾಗಾಗಿ ಬ್ಯಾಟರಿಯೇ ಸರಿ ಇಲ್ಲ ಅನಿಸುತ್ತದೆ. ಅದೇ ಜಾಗದಲ್ಲಿ ಲಿಥಿಯಂ ಇದ್ದರೆ ಸೆಲ್ಲು ಬಿಸಿಯಾಗಿ ಉಬ್ಬಬಹುದು. ಬಿಎಂಎಸ್ ಇದ್ದರೆ ಓಡುವ ಗಾಡಿಯಲ್ಲೇ ಬ್ಯಾಟರಿಯನ್ನು ಬೇರೆ ಮಾಡಿಬಿಡಬಹುದು. ಆಗ ಉಕ್ಕುವ ವೋಲ್ಟ್ ಅನ್ನು ಹೀರಿಕೊಳ್ಳಲು ಏನೂ ಇರುವುದಿಲ್ಲ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಮೀಟರ್ ಕನ್ಸೋಲ್, ಬಲ್ಬ್ ಎಲ್ಲದಕ್ಕೂ ಹೊಡೆತ ಬೀಳುತ್ತದೆ.

ಆರ್‌ಆರ್ ಯುನಿಟ್ ನೋಡಿಸಿ, ಬ್ಯಾಟರಿಗೆ ಹೋಗುವ ವೋಲ್ಟ್ ಅನ್ನು ಹತೋಟಿಯಲ್ಲಿ ಇಡುವುದು ಅದೇ. ರೆಗ್ಯುಲೇಟರ್ ರೆಕ್ಟಿಫೈಯರ್ ಅಂತ ಹೇಳಿದರೂ ಮೆಕ್ಯಾನಿಕ್‌ಗೆ ಗೊತ್ತಾಗುತ್ತದೆ. ಬದಲಿಸುವ ಮೊದಲು ಅದರ ಕನೆಕ್ಟರ್ ಬಿಚ್ಚಿ ನೋಡಿ, ಪಿನ್ ಸುಟ್ಟಿರಬಹುದು, ಅರ್ತ್ ಸಡಿಲ ಇರಬಹುದು.

ಪ್ರಶ್ನೆ ಕೇಳಿದವರು, ಒಂದು ತಿಂಗಳ ನಂತರ

ಕನೆಕ್ಟರಿನ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಕ್ಲೀನ್ ಮಾಡಿಸಿದರೂ 15ರ ಕೆಳಗೆ ಬರಲಿಲ್ಲ. ಆರ್‌ಆರ್ ಯುನಿಟ್ ಬದಲಿಸಿದೆವು, ಈಗ 14.3ರಲ್ಲಿ ನಿಲ್ಲುತ್ತದೆ. ಆಮೇಲೆ ಬಿಎಂಎಸ್ ಇರುವ ಲಿಥಿಯಂ ಹಾಕಿಸಿದೆ. ಗಾತ್ರ ಸಣ್ಣದು, ಬ್ಯಾಟರಿ ಅಲುಗದಂತೆ ಪಕ್ಕದಲ್ಲಿ ಫೋಮ್ ತುಂಬಿದ್ದೇನೆ. ಮೂರು ವಾರ ಆಯಿತು, ಒಂದೇ ಒತ್ತಿಗೆ ಸ್ಟಾರ್ಟ್. ನಿಂತಾಗ 13.3 ವೋಲ್ಟ್ ತೋರಿಸುತ್ತದೆ. ಮುಂದಿನ ತಿಂಗಳು ಹದಿನೈದು ದಿನ ಗಾಡಿ ತೆಗೆಯುವುದಿಲ್ಲ. ನೆಗೆಟಿವ್ ಬಿಚ್ಚಿ ಹೋಗಬೇಕಾ?

ಮೊದಲ ಉತ್ತರ ಕೊಟ್ಟವರು

ತುಂಬಾ ಸಂತೋಷ. 13.3 ಅಂದರೆ ತುಂಬಿದ ಬ್ಯಾಟರಿ. ಒಂದು ವಿಷಯ ನೆನಪಿಡಿ. ಸೀಸದ್ದಕ್ಕೆ 12.7 ಅಂದರೆ ಫುಲ್, ಲಿಥಿಯಂ ಅದೇ 12.7 ತೋರಿಸಿದರೆ ಬಹುತೇಕ ಖಾಲಿ. 13ರ ಕೆಳಗೆ ಕಂಡರೆ ಚಾರ್ಜ್‌ಗೆ ಹಾಕಿ. ನಿಮ್ಮ 3 ಮಿಲಿ ಆಂಪ್ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಹೋಗುವುದು 1 ಆಂಪ್ ಅವರ್ ಅಷ್ಟೇ. ಬಿಚ್ಚುವುದು ಬೇಡ. ತಿಂಗಳು ದಾಟುವುದಾದರೆ ಬಿಚ್ಚಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.